ತಿರುಗಿಸಲಾಗದ ಚಿತ್ರ

"ಬೇಕಾದ್ರೆ ಮನೇನೇ ಕೆಡವು ಮಾರಾಯ, ಆ ಚಿತ್ರಾನ ಮಾತ್ರ ಈ ಕಡೆ ತಿರುಗಿಸ್ಬೇಡ," ಎಂದಳು ಪಕ್ಕದ ಮನೆಯ ಅಸ್ಲೌಗ್ ಅತ್ತೆ.

ಹಾಲ್ವರ್ ನಕ್ಕ. ಓಸ್ಲೋದಲ್ಲಿ ಹುಟ್ಟಿ ಬೆಳೆದವನು. ಹೆಂಡತಿ ಐರಿನ್‌ಳ ತವರಾದ ನಮ್ಮ ಉತ್ತರದ ದ್ವೀಪಕ್ಕೆ ಬಂದು ನೆಲೆಸಿ ಇನ್ನೂ ಒಂದು ಚಳಿಗಾಲ ಕಳೆದಿರಲಿಲ್ಲ. ನಮ್ಮಲ್ಲಿ ಸಾವಾದ ಮನೆಯ ಚಿತ್ರಗಳನ್ನೆಲ್ಲ ಗೋಡೆಗೆ ಮುಖ ಮಾಡಿ ತಿರುಗಿಸುತ್ತಾರೆ, ಹೆಣ ಎತ್ತಿದ ಮೇಲೆ ಮತ್ತೆ ಸರಿಮಾಡುತ್ತಾರೆ. ಐರಿನ್‌ಳ ಹಿರಿಯರ ಈ ಮನೆಯ ಹಜಾರದಲ್ಲಿ ಬೆನ್ನು ತೋರಿಸಿಕೊಂಡು ನೇತಾಡುತ್ತಿದ್ದ ಇದೊಂದನ್ನು ಮಾತ್ರ ತಲೆಮಾರುಗಳಿಂದ ಯಾರೂ ಸರಿಮಾಡಿರಲಿಲ್ಲ.

"ಯಾಕತ್ತೆ, ಚಿತ್ರಕ್ಕೆ ನಾಚ್ಕೆನಾ?"

"ನಗಬೇಡ. ಹಿಂದೆ ಗುನ್ವೋರ್ ಅನ್ನೋಳು ಮಾಡಿದ ಮಾಟ ಅದು. ಅವಳ ಗಂಡ ಬಿರುಗಾಳಿಗೆ ಸಿಕ್ಕಾಗ ಈ ಮನೆಯೋರು ದೋಣಿ ಇಳಿಸ್ಲಿಲ್ಲ. ದಡದಲ್ಲಿ ನಿಂತು ಬಾಯಿ ಬಾಯಿ ಬಡ್ಕೊಂಡ್ಲು, ಯಾರ ಕರುಳೂ ಚುರುಕ್ ಅನ್ಲಿಲ್ಲ. ನಿಮಗೆ ಕರುಳೇ ಇಲ್ದಂಗಾಗ್ಲಿ ಅಂತ ಬೂದಿ, ಮೀನೆಣ್ಣೆ ಕಲಸಿ ಇದನ್ನ ಬರೆದ್ಲು. ನೋಡ್ತಾ ಕೂತೋರ ಜೀವ ಮರಗಟ್ಟುತ್ತೆ."

"ಇಲ್ಲಿಯ ಚಳಿಗೆ ಅದೂ ಬೇಕಾ?" ಎಂದು ಅವನು ಮತ್ತೆ ನಕ್ಕ.

ಅವನಿಗೆ ಆ ಜಾಗ ಬೇಕಾಗಿತ್ತು, ಅಷ್ಟೇ. ಹೊಸ ಟಿವಿ ಬಂದಿತ್ತು. ಮರದ ಚೌಕಟ್ಟು, ಗೋಡೆಗೆ ಅಂಟಿಕೊಂಡು ಕೂರುವಂಥದ್ದು. ನೋಡದಿದ್ದಾಗ ಒಂದು ಚಿತ್ರ ತೋರಿಸುತ್ತ ಸುಮ್ಮನಿರುತ್ತದೆ, ಯಾರಾದರೂ ಕೋಣೆಗೆ ಬಂದರೆ ಬೆಳಗುತ್ತದೆ. ಹೆಂಡತಿ ಕೆಲಸಕ್ಕೆ ಹೋದ ಹೊತ್ತಲ್ಲಿ ಹಳೆಯ ಚಿತ್ರವನ್ನು ಇಳಿಸಿ ನೋಡಿದ. ಮಂಕು ಕಡಲು, ಒಂದು ಖಾಲಿ ದೋಣಿ. ಅಯ್ಯೋ, ಇಷ್ಟೇನಾ! ಫೋನಿನಲ್ಲಿ ಫೋಟೋ ತೆಗೆದ. ಚಿತ್ರವನ್ನು ಉಗ್ರಾಣದಲ್ಲಿ ಗೋಡೆಗೆ ಮುಖ ಮಾಡಿಯೇ ಇಟ್ಟು, ಫೋಟೋವನ್ನು ಟಿವಿಗೆ ಹಾಕಿದ. ಅತ್ತೆಯ ಮಾತು ಮೀರಿಲ್ಲವಲ್ಲ ಎಂದು ಒಳಗೊಳಗೇ ಹಿಗ್ಗಿದ. ಬೇಲಿಯಲ್ಲಿ ಹೋಗುವ ಓತಿಕೇತವನ್ನು ಕಿವಿಗೆ ಬಿಟ್ಟುಕೊಳ್ಳುವುದು ಎಂದರೆ ಇದೇ.

"ತೆಗಿಯೋ, ನನಗೆ ಸರಿ ಅನ್ಸಲ್ಲ," ಎಂದಳು ಐರಿನ್.

"ಬರೀ ಫೋಟೋ ಕಣೆ. ತೂವಾಗೆ ಎಷ್ಟು ಇಷ್ಟ ನೋಡು."

ಆರು ವರ್ಷದ ಮಗಳು ತೂವಾ ಅದರ ಮುಂದೆ ನೆಲದ ಮೇಲೆ ಕೂತಿದ್ದಳು. ಅವಳು ಬಂದಾಗಲೆಲ್ಲ ಅದು ಬೆಳಗುತ್ತಿತ್ತು. ಹಜಾರದಲ್ಲಿ ಮೀನೆಣ್ಣೆಯ ಕಮಟು ವಾಸನೆ ದಿನದಿನಕ್ಕೆ ಹೆಚ್ಚುತ್ತಿತ್ತು. ಮೀನುಗಾರರ ಊರಿನಲ್ಲಿ ಅದನ್ನು ಯಾರು ಗಮನಿಸುತ್ತಾರೆ?

ಸೂರ್ಯ ಹುಟ್ಟದ ತಿಂಗಳು ಅದು. ಮಧ್ಯಾಹ್ನವೂ ಕಗ್ಗತ್ತಲು. ಹಾಲ್ವರ್ ಅಡುಗೆಮನೆಯಲ್ಲಿ ಮೀನು ಹೆಚ್ಚುತ್ತಿದ್ದಾಗ ಸುಟ್ಟ ನಾತ ಬಂತು. ಹಜಾರಕ್ಕೆ ಓಡಿದ. ಕೆಂಪು ಸ್ವೆಟರಿನ ತೂವಾ ಕಾದ ಕಬ್ಬಿಣದ ಒಲೆಯ ಮೇಲೆ ಅಂಗೈ ಊರಿ ನಿಂತಿದ್ದಳು. ಕಣ್ಣು ಚಿತ್ರದ ಮೇಲಿತ್ತು.

"ಅಪ್ಪಾ, ಏನೋ ವಾಸನೆ," ಎಂದಳು.

ಕೈ ಕಿತ್ತಾಗ ಚರ್ಮ ಒಲೆಗೇ ಅಂಟಿತು. ಮಗು ಅಳಲಿಲ್ಲ. ಹಾಲ್ವರ್ ಚಿತ್ರದತ್ತ ತಿರುಗಿದ. ದೋಣಿ ಖಾಲಿಯಿರಲಿಲ್ಲ. ಅದರಲ್ಲಿ ಕೆಂಪು ಸ್ವೆಟರಿನ ಪುಟ್ಟ ಆಕೃತಿಯೊಂದು ಕೂತಿತ್ತು.

ಅವನ ಕೂಗಿಗೆ ಪಕ್ಕದ ಮನೆಯಿಂದ ಅತ್ತೆ ಓಡಿ ಬಂದಳು. ಕಂಡ ಕೂಡಲೇ ಚೀರಿದಳು. "ತಿರುಗಿಸೋ ಅದನ್ನ! ಗೋಡೆಗೆ ತಿರುಗಿಸು!"

"ತಿರುಗಲ್ಲ ಅತ್ತೆ, ಗೋಡೆಗೆ ಬಿಗಿದಿದೀನಿ!"

ಮೀಟುಗೋಲು ಹಾಕಿ ಟಿವಿಯನ್ನೇ ಕಿತ್ತ. ತಂತಿ ಹರಿಯಿತು. ನೆಲದ ಮೇಲೆ ಬೋರಲು ಕೆಡವಿದ. ತಲೆ ಎತ್ತಿದ.

ಬರಿಗೋಡೆಯ ಮೇಲೆ ಚಿತ್ರ ಹಾಗೇ ಇತ್ತು.

ಅತ್ತೆ ಮಗುವನ್ನು ಎದೆಗವಚಿಕೊಂಡಳು. "ಆ ದೋಣೀಲಿ ಒಬ್ಬರಿಗೇ ಜಾಗ ಕಣಪ್ಪ," ಎಂದಳು ಪಿಸುದನಿಯಲ್ಲಿ. "ಇನ್ನೊಬ್ರು ತಾವಾಗೇ ನೋಡ್ತಾ ಕೂತ್ರೆ ಇವಳು ಇಳೀತಾಳೆ. ಕೂತೋರ ಮೈ ಇಲ್ಲೇ ಉಳಿಯುತ್ತೆ. ಜೀವ ಅಲ್ಲೇ."

"ಅವಳನ್ನ ಒಳಗೆ ಕರ್ಕೊಂಡ್ ಹೋಗಿ," ಎಂದ ಹಾಲ್ವರ್. ಅವನಿಗೆ ಭಯವಾಗಿತ್ತು.

ಕೂತ. ನೋಡಿದ.

ಅಲೆಯ ಸದ್ದು. ಕಮಟು ವಾಸನೆ. ಆಮೇಲೆ ವಾಸನೆಯೂ ಇಲ್ಲ. ಬೆರಳು ಹೋಯಿತು. ನಾಲಿಗೆ ಹೋಯಿತು. ಓಡಬೇಕೆನಿಸಿತು. ಕಾಲು ಎಲ್ಲಿದೆಯೋ ತಿಳಿಯಲಿಲ್ಲ. ತೂವಾ ಹುಟ್ಟಿದ ದಿನ ನೆನೆದ. ಆಸ್ಪತ್ರೆ ನೆನಪಾಯಿತು. ಮಗುವಿನ ತೂಕ ನೆನಪಾಯಿತು. ಆ ಖುಷಿ? ಹುಡುಕಿದ. ಸಿಗಲಿಲ್ಲ. ದೋಣಿಯಲ್ಲಿ ಪುಟ್ಟ ಆಕೃತಿ ಎದ್ದು ನಿಂತಿತು. ದಡಕ್ಕೆ ಕಾಲಿಟ್ಟಿತು. ಭಯವೂ ಹೋಯಿತು.

ಅಡುಗೆಮನೆಯಿಂದ ಕಿರುಚಾಟ ಕೇಳಿತು. "ಉರಿ! ಕೈ ಉರೀತಿದೆ! ಅಪ್ಪಾ!"

"ಅಳು ಕಂದಾ, ಅಳು, ಚೆನ್ನಾಗಿ ಅಳು!" ಎಂದು ಅತ್ತೆಯೂ ಗಟ್ಟಿಯಾಗಿ ಅಳುತ್ತಿದ್ದಳು.

ಗೋಡೆ ಬರಿದಾಗಿತ್ತು.

ಸಂಜೆ ಐರಿನ್ ಬಂದು ಎಲ್ಲ ಕೇಳಿ ಗಂಡನ ತಲೆಯನ್ನು ಎದೆಗೊತ್ತಿಕೊಂಡಳು. "ನೀನೇ ಉಳಿಸಿದ್ದು ಕಣೋ. ಒಂದ್ಸಲ ಅತ್ಬಿಡು, ಹಗುರಾಗುತ್ತೆ."

ಅವನು ನಿಜವಾಗಿಯೂ ಪ್ರಯತ್ನಪಟ್ಟ. ಕೈಗೆ ಬಟ್ಟೆ ಸುತ್ತಿಸಿಕೊಂಡ ತೂವಾ ಬಿಕ್ಕುತ್ತ ಅವನ ಮಡಿಲು ಹತ್ತಿ ಕೊರಳಿಗೆ ಜೋತುಬಿದ್ದಳು. ಇಂಥ ಹೊತ್ತಲ್ಲಿ ಮಗುವನ್ನು ತಬ್ಬಿಕೊಳ್ಳಬೇಕು ಎಂದು ಅವನಿಗೆ ಗೊತ್ತಿತ್ತು. ಹಿಟ್ಟಿನ ಮೂಟೆ ಹಿಡಿದ ಹಾಗೆ ಹಿಡಿದುಕೊಂಡ.

"ಊಟಕ್ಕೆ ಏನ್ ಮಾಡ್ಲಿ?" ಎಂದು ಕೇಳಿದ.

ತೂವಾಳ ಬಿಕ್ಕು ನಿಂತಿತು. ಅವಳು ಅಪ್ಪನ ಮುಖವನ್ನೇ ನೋಡಿದಳು. ಕೊರಳ ಸುತ್ತಲಿನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, ಇಳಿದು, ಅಮ್ಮನ ಹಿಂದೆ ಹೋಗಿ ನಿಂತಳು.

ಅವಳು ಹೋದದ್ದನ್ನು ಹಾಲ್ವರ್ ಕಣ್ಣಾರೆ ನೋಡಿದ. ಮಡಿಲು ಖಾಲಿಯಾದದ್ದು ಮಾತ್ರ ಅವನಿಗೆ ಗೊತ್ತಾಗಲಿಲ್ಲ.