ಬೀಗವಿಲ್ಲದ ಬಾಗಿಲು

ಗಗನಾ ವಿಜಯವಾಡದ ನಮ್ಮ ಕೊರಿಯರ್ ಆಫೀಸಿಗೆ ಬಂದಾಗ ನಾನು ಮೂಟೆಗಳ ಹಿಂದೆ ಬಗ್ಗಿ ಕೂತೆ. ಅವಳು ಮ್ಯಾನೇಜರ್ ರಾಮಮೋಹನ್ ಗಾರಿಗೆ ಫೋನ್ ತೋರಿಸಿದಳು. ಮಸ್ಕತ್‌ನಿಂದ ಬಂದ ಪಾರ್ಸೆಲ್ಲಿಗೆ ಎರಡು ದಿನವೂ ‘ಮನೆಗೆ ಬೀಗ’ ಎಂದು ಬರೆದಿತ್ತು. ಆ ಎರಡೂ ದಿನ ಅವಳು ರಜೆ ಹಾಕಿ ಮನೆಯಲ್ಲೇ ಕೂತಿದ್ದಳಂತೆ.

ಬರೆದವನು ನಾನೇ.

ದಾವಣಗೆರೆಯಿಂದ ಇಲ್ಲಿನ ಬೆಂಜ್ ಸರ್ಕಲ್ಲಿನ ಬ್ಯಾಂಕಿಗೆ ವರ್ಗವಾಗಿ ಬಂದ ಕ್ಲರ್ಕ್ ಅವಳು. ಅವಳಮ್ಮ ಕಳಿಸುವ ಚಟ್ನಿಪುಡಿ ಡಬ್ಬಗಳನ್ನು ವರ್ಷದಿಂದ ನಾನೇ ತಲುಪಿಸುತ್ತಿದ್ದೆ. ಬಳ್ಳಾರಿಯ ನನ್ನಮ್ಮನಿಂದ ಕಲಿತ ಕನ್ನಡಕ್ಕೆ, ನಮ್ಮ ‘ರೀ’ಯಂಥ ತೆಲುಗಿನ ‘ಅಂಡಿ’ ಸೇರಿಸಿದಾಗಲೆಲ್ಲ ಅವಳ ಸಹಿ ಅರ್ಧಕ್ಕೆ ನಿಲ್ಲುತ್ತಿತ್ತು, ಕಣ್ಣಂಚು ನಗುತ್ತಿತ್ತು. ಆ ಅರೆನಿಮಿಷಕ್ಕಾಗಿ ದಿನವಿಡೀ ವಿಜಯವಾಡದ ಬಿಸಿಲು ತಿಂದಿದ್ದೇನೆ.

ಈ ಪಾರ್ಸೆಲ್, ಅವಳ ಮನೆಯವರು ಗೊತ್ತುಮಾಡಿದ ಗಂಡಿನದು; ಆ ಹೆಸರು ಅವಳ ಫೋನ್ ಮಾತಿನಲ್ಲಿ ಕೇಳಿಸಿತ್ತು. ಒಳಗೊಂದು ಕೈಗಡಿಯಾರ. ಬೆಲೆ ಎಲ್ಲರಿಗೂ ಕಾಣಲಿ ಎಂದು ದೊಡ್ಡದಾಗಿ ಬರೆದಿದ್ದ ಮಹಾರಾಯ; ಕಸ್ಟಮ್ಸ್‌ನವರು ಹದಿನಾಲ್ಕು ಸಾವಿರ ಸುಂಕ ಹಾಕಿದ್ದರು. ಉಡುಗೊರೆ ಅವನದು, ದುಡ್ಡು ಅವಳದು, ಬಾಗಿಲಲ್ಲಿ ನಿಂತು ಕೈಯೊಡ್ಡಬೇಕಾದವನು ನಾನು. ಮೈಯೆಲ್ಲ ಉರಿಯಿತು. ಮೂರು ಸಲ ಬೀಗ ಎಂದು ಬರೆದರೆ ಪಾರ್ಸೆಲ್ ವಾಪಸ್. ಎರಡು ಬರೆದಾಗಿತ್ತು.

ರಾಮಮೋಹನ್ ಗಾರು, ಇದನ್ನು ಬರೆದವನನ್ನು ಇವತ್ತೇ ಕೆಲಸದಿಂದ ತೆಗೆಯುತ್ತೇನೆ ಎನ್ನುತ್ತ ರಿಜಿಸ್ಟರ್ ತೆಗೆದರು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಇನ್ನೊಂದು ಕೆಲಸ ಯಾರು ಇಟ್ಟುಕೊಂಡಿದ್ದಾರೆ? ಆದರೂ ಅಡಗಿ ಕೂರುವಷ್ಟು ತ್ರಾಣ ಉಳಿದಿರಲಿಲ್ಲ. ಎದ್ದು ನಿಂತೆ.

ಅವಳು ನೋಡಿದಳು. ಆಮೇಲೆ ಮ್ಯಾನೇಜರ್ ಕಡೆ ತಿರುಗಿ, ತಾನೇ ಹೊರಗೆ ಹೋಗಿದ್ದೆ, ಈಗ ನೆನಪಾಯಿತು ಎಂದಳು.

ಹೊರಗೆ ನನ್ನ ಬೈಕಿನ ಹತ್ತಿರ ಬಂದು ಕೇಳಿದಳು, “ಯಾಕೆ ಹಂಗೆ ಬರೆದ್ರಿ?”

“ಮೆಟ್ಲು ಹತ್ತೋಕೆ ಆಗ್ಲಿಲ್ಲ ಮೇಡಂ. ಸುಸ್ತಾಗಿತ್ತು.”

“ನಮ್ಮನೆ ಇರೋದು ಗ್ರೌಂಡ್ ಫ್ಲೋರಲ್ಲಿ, ನಟರಾಜ್.”

ನನ್ನ ಹೆಸರು ಅವಳಿಗೆ ಗೊತ್ತಿತ್ತು. ಸುಳ್ಳು ಅಲ್ಲಿಗೆ ಮುಗಿಯಿತು.

“ಅದು ನಿಮ್ಮ ಕೈ ಸೇರೋದು ನಂಗೆ ಬೇಕಿರ್ಲಿಲ್ಲ ಅಂಡಿ.”

ಈ ಸಲ ಅವಳು ನಗಲಿಲ್ಲ. “ರಜೆ ಹಾಕಿದ್ದು ತಗೊಳ್ಳೋಕಲ್ಲ. ಬೇಡ ಅಂತ ಸಹಿ ಹಾಕೋಕೆ. ಅಮ್ಮಂಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದನ್ನೂ ನೀವೇ ತಪ್ಪಿಸಿದ್ರಿ.”

ನಿರಾಕರಣೆಯ ಫಾರಂ ಸೀಟಿನ ಮೇಲಿಟ್ಟೆ. ಕಾರಣ ಬರೆಯುವಲ್ಲಿ ಅವಳ ಪೆನ್ನು ತಡೆಯಿತು. ಸುಂಕ ಜಾಸ್ತಿ ಎಂದು ಬರೆದರೆ ಅವನೇ ಕಟ್ಟಿಬಿಡುತ್ತಾನೆ ಎಂದು ಎಚ್ಚರಿಸಿದೆ. ತಲೆಯಾಡಿಸಿ ಬರೆದಳು: ‘ಕಳಿಸಿದವರೂ ಬೇಡ.’

ಸಹಿ ಹಾಕಿ ಪೆನ್ನು ವಾಪಸ್ ಕೊಟ್ಟಳು.

“ಇವತ್ತು ಮನೆಯಿಂದ ಫೋನ್ ಬರುತ್ತೆ, ಅಳೋದಿದೆ,” ಎಂದಳು. “ನಾಳೆ ಬನ್ನಿ. ಪಾರ್ಸೆಲ್ ಇಲ್ಲದೆ.”