ಮೇದಿನಿಗೊಂದು ಕಷ್ಟ ಬೇಕಾಗಿತ್ತು

"ಏಳು ಬೇಟಾ, ಏಳು! ನೆಲ ತಣ್ಣಗಿದೆ, ಶೀತ ಆಗುತ್ತೆ" ಎಂದು ಗುಜರಾತಿಯಲ್ಲಿ ಗದರಿಸುತ್ತಾ ಗ್ರೌಂಡ್ ಫ್ಲೋರಿನ ಅಜ್ಜಿ 'ಬಾ' ಬೀದಿದೀಪದ ಕೆಳಗೆ ಒಂದು ಕುರ್ಚಿ ತಂದಿಟ್ಟರು.

ಮೇದಿನಿಗೆ ಅಳುವೇ ಬಂತು. ಸ್ವಲ್ಪ ಕಷ್ಟಪಡೋಣ ಎಂದು ಅವಳು ಪುಸ್ತಕ ಹಿಡಿದು ಅಲ್ಲಿ ಬಂದು ಕೂತು ಇನ್ನೂ ಐದು ನಿಮಿಷವೂ ಆಗಿರಲಿಲ್ಲ.

"ಬೇಡ ಬಾ, ನಾನು ಕೆಳಗೇ ಕೂತು ಓದ್ತೀನಿ."

"ಯಾಕೆ? ಮಮ್ಮಿ ಬೈದಳಾ? ಮನೆಯಲ್ಲಿ ಕರೆಂಟ್ ಹೋಯಿತಾ?"

"ಇಲ್ಲ" ಎಂದಳು ಮೇದಿನಿ ದುಃಖದಿಂದ. ಅದೇ ತಾನೆ ತೊಂದರೆ! ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ಕರೆಂಟ್ ಹೋಗುವುದೇ ಅಪರೂಪ. ಅಮ್ಮ ಬೈಯುವುದು ಅದಕ್ಕಿಂತ ಅಪರೂಪ.

ಬಾ ಎಂದರೆ ಗುಜರಾತಿಯಲ್ಲಿ ಅಜ್ಜಿ. ಇಡೀ ಅಪಾರ್ಟ್‌ಮೆಂಟ್ ಸೊಸೈಟಿಗೆ ಅವರೊಬ್ಬರೇ ಬಾ. ಕಣ್ಣೆದುರು ಮಗುವೊಂದು ಕಷ್ಟಪಡುವುದನ್ನು ನೋಡಿ ಸುಮ್ಮನಿರುವ ಜಾತಿಯವರಲ್ಲ. ಕುರ್ಚಿಯ ಹಿಂದೆ ಶಾಲು ಬಂತು. ಶಾಲಿನ ಹಿಂದೆ ಒಂದು ತಟ್ಟೆ ಗರಿಗರಿ ಖಾಖ್ರಾ ರೊಟ್ಟಿ ಬಂತು. ಆ ದಾರಿಯಲ್ಲಿ ಬಂದ ಅಜಯ್ ಅಂಕಲ್, "ಬರೆಯೋಕೆ ಟೇಬಲ್ ಬೇಡವಾ?" ಎಂದು ತಮ್ಮ ಮನೆಯ ಟೀಪಾಯಿಯನ್ನೇ ಹೊತ್ತು ತಂದರು. ಕೊನೆಗೆ ಆ ಬೀದಿದೀಪದ ಬುಡ ಮೇದಿನಿಯ ಸ್ವಂತ ರೂಮಿಗಿಂತ ಸುಖವಾಯಿತು.

ಇಷ್ಟಕ್ಕೆಲ್ಲ ಕಾರಣ ರಚನಾ ಮಿಸ್. ಸೋಮವಾರ ಬೆಳಿಗ್ಗೆ ಅಸೆಂಬ್ಲಿಯಲ್ಲಿ ಐದನೇ ಕ್ಲಾಸಿನವರ ಭಾಷಣ. ವಿಷಯ, 'ನನ್ನ ಸ್ಟ್ರಗಲ್'. ಗೆದ್ದವರು ವಡೋದರಾದ ದೊಡ್ಡ ಸ್ಪರ್ಧೆಗೆ ಹೋಗುತ್ತಾರೆ. "ಕಷ್ಟ ಅನ್ನೋದು ಪೆಟ್ರೋಲ್ ಇದ್ದ ಹಾಗೆ. ಕಷ್ಟ ಕಾಣದವರು ಜೀವನದಲ್ಲಿ ಏನೂ ಸಾಧಿಸೋದಿಲ್ಲ" ಎಂದಿದ್ದರು ಮಿಸ್.

ಆ ಮಾತು ಮೇದಿನಿಯ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ಕ್ಲಾಸಿನಲ್ಲಿ ಎಲ್ಲರ ಹತ್ತಿರವೂ ಒಂದೊಂದು ಒಳ್ಳೆಯ ಕಷ್ಟವಿತ್ತು. ಅರ್ಚಿತಾಳ ಅಪ್ಪನಿಗೆ ಬ್ಯಾಂಕಿನಲ್ಲಿ ಟ್ರಾನ್ಸ್‌ಫರ್ ಮೇಲೆ ಟ್ರಾನ್ಸ್‌ಫರ್. ಅನಿರುದ್ಧನ ಮನೆಯ ಎ.ಸಿ. ನಡು ಮೇ ತಿಂಗಳಿನಲ್ಲಿ ಕೆಟ್ಟಿತ್ತು. ಮೇದಿನಿಗೆ ಮಾತ್ರ ಒಂದೂ ಇಲ್ಲ. ಹಾಗಾದರೆ ತಾನು ಮುಂದೆ ಏನೂ ಆಗುವುದಿಲ್ಲವೇ ಎಂದು ಅವಳಿಗೆ ನಿಜವಾಗಿಯೂ ಭಯವಾಗಿತ್ತು.

ಅವಳು ಮೈಸೂರಿನ ತಾತನಿಗೆ ಫೋನೂ ಮಾಡಿದ್ದಳು. "ತಾತ, ನಿಮ್ಮದೊಂದು ಕಷ್ಟ ಕೊಡಿ, ಪ್ಲೀಸ್."

ಅನಂತರಾಮ ತಾತನಿಗೆ ಖುಷಿಯೋ ಖುಷಿ. "ಬರ್ಕೋ ಪುಟ್ಟಿ. ನಾನು ಹೊಳೆ ದಾಟಿ ಆರು ಮೈಲಿ ನಡೀತಿದ್ದೆ ಸ್ಕೂಲಿಗೆ."

"ಹೋದ ಸಲ ನಾಲ್ಕು ಮೈಲಿ ಅಂದಿದ್ರಿ?"

"ಆಗ ಹೊಳೆ ಸೇರಿಸಿರ್ಲಿಲ್ಲ ಕಣೆ."

ತಾತ ಕತೆ ಹೇಳಿದಾಗಲೆಲ್ಲ ಆ ಶಾಲೆ ಇನ್ನಷ್ಟು ದೂರ ಹೋಗುತ್ತಿತ್ತು.

ಬೇರೆ ದಾರಿಯಿಲ್ಲದೆ, ಖಾಖ್ರಾ ತಿನ್ನುತ್ತಾ ಮೇದಿನಿ ತಾತನ ಹೊಳೆಯನ್ನೇ ಬರೆಯತೊಡಗಿದಳು. ಎರಡು ಸಾಲು ಬರೆದು ತಲೆಯೆತ್ತಿದಳು. ದೀಪದ ಪಕ್ಕದ ಬೇವಿನ ಮರದಲ್ಲಿ ಏನೋ ಮಿನುಗಿತು. ಗಾಜಿನ ಪುಡಿ ಸವರಿದ ಮಾಂಜಾ ದಾರ.

ಸಂಕ್ರಾಂತಿಯ ಗಾಳಿಪಟದ ಹಬ್ಬ ಉತ್ತರಾಯಣ ಮುಗಿದು ವಾರವಾಗಿತ್ತು. ಗಾಳಿಪಟಗಳು ಹರಿದುಹೋಗಿದ್ದರೂ ಅವುಗಳ ದಾರ ಇನ್ನೂ ಮರಮರದಲ್ಲಿ ನೇತಾಡುತ್ತಿತ್ತು. ಹಬ್ಬ ಮುಗಿದ ಮೇಲೆ ಊರಿಗೆ ಆಕಾಶದ ಕಡೆ ನೋಡಲು ಪುರುಸೊತ್ತೆಲ್ಲಿ? ಮೇದಿನಿ ಮಾತ್ರ ದಿನವೂ ಸಂಜೆ ಅಮ್ಮ ಜೇಡರ ಬಲೆ ಹೊಡೆಯುವ ಕೋಲಿನಿಂದ ಅದನ್ನು ಎಳೆದು ತೆಗೆಯುತ್ತಿದ್ದಳು. ಈಗಲೂ ಓಡಿಹೋಗಿ ಕೋಲು ತಂದಳು.

"ಮೇದಿನೀ!" ಬಾಲ್ಕನಿಯಿಂದ ಅಮ್ಮ ಹೇಮಲತಾ ಕೂಗಿದರು. "ಮತ್ತೆ ಬೆರಳು ಕುಯ್ಕೊಂಡ್ಯಾ? ಮನೇಲಿ ಬ್ಯಾಂಡೇಡ್ ಮುಗೀತಾ ಬಂತು ಕಣೆ! ಭಾಷಣ ಬರೆದಾಯ್ತಾ?"

"ಇದೊಂದ್ ತೆಗೆದು ಬರ್ತೀನಮ್ಮಾ!"

ಇದೊಂದು, ಅದೊಂದು ಎನ್ನುತ್ತಾ ಮೂರು ಮರ ಆಯಿತು. ಆಮೇಲೆ ಬ್ಯಾಂಡೇಡ್ ಸುತ್ತಿದ ಬೆರಳುಗಳಲ್ಲಿ ಪೆನ್ನು ಹಿಡಿದು, ತನಗೊಂದು ಕಷ್ಟವೂ ಇಲ್ಲವಲ್ಲ ಎಂದು ನಿಟ್ಟುಸಿರು ಬಿಡುತ್ತಾ ಅವಳು ಭಾಷಣ ಮುಗಿಸಿದಳು.

ಸೋಮವಾರ ಅಸೆಂಬ್ಲಿ ಶುರುವಾಯಿತು. ಅರ್ಚಿತಾ ಮಾತಾಡಿದಳು, ನಾಲ್ವರು ಮಿಸ್‌ಗಳು ಕಣ್ಣೊರೆಸಿಕೊಂಡರು. ಇನ್ನೊಬ್ಬರ ಸರದಿ ಮುಗಿದರೆ ಮೇದಿನಿಯದೇ. ತಾತನ ಹೊಳೆ ಅವಳ ನಾಲಿಗೆಯ ತುದಿಯಲ್ಲಿತ್ತು.

ಆಗಲೇ ಅವಳ ಕಣ್ಣು ಮೈದಾನದ ಮೂಲೆಯ ಹುಣಸೆಮರದ ಮೇಲೆ ಬಿತ್ತು. ಕೊಂಬೆಯಿಂದ ಕೊಂಬೆಗೆ ಗುಲಾಬಿ ಬಣ್ಣದ ದಾರ. ಇಂಟರ್‌ವಲ್ ಹೊತ್ತಿಗೆ ಆ ಮರಕ್ಕೆ ಗಿಳಿಗಳು ಹಿಂಡುಹಿಂಡಾಗಿ ಬರುತ್ತವೆ.

ಭಾಷಣ ಮುಗಿಸಿ ತೆಗೆದರಾಯಿತು ಎಂದುಕೊಂಡಳು. ಆಮೇಲೆ ಕ್ಲಾಸು ಶುರುವಾಗುತ್ತದೆ, ಬಿಡುವುದಿಲ್ಲ ಎಂದೂ ಹೊಳೆಯಿತು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದಳು. ವಡೋದರಾ ನೆನಪಾಯಿತು. ಮತ್ತೆ ಮರ ನೋಡಿದಳು. ಅಷ್ಟೇ, ಸಾಲಿನಿಂದ ಮೆಲ್ಲಗೆ ಜಾರಿ, ಹೈಜಂಪ್‌ನ ಬಿದಿರು ಎತ್ತಿಕೊಂಡು ಓಡಿದಳು.

ಮೈಕಿನಲ್ಲಿ ಅವಳ ಹೆಸರು ಮೂರು ಸಲ ಕೇಳಿಸಿತು. ಆಮೇಲೆ ಅನಿರುದ್ಧನ ಹೆಸರು. ಆಮೇಲೆ ರಚನಾ ಮಿಸ್ ಸ್ವತಃ ಬಂದರು, ಮುಖ ಕೆಂಪಗೆ.

"ಏನು ಮಾಡ್ತಿದ್ದೀಯ ಇಲ್ಲಿ? ಹಕ್ಕಿ ಸಿಕ್ಕಿಹಾಕಿಕೊಂಡಿದೆಯಾ?"

"ಇಲ್ಲ ಮಿಸ್. ಸಿಕ್ಕಿಹಾಕ್ಕೊಳ್ದೇ ಇರ್ಲಿ ಅಂತ."

"ಯಾರು ಹೇಳಿದರು ಮಾಡೋಕೆ?"

"ಯಾರೂ ಹೇಳಿಲ್ಲ."

ಮಿಸ್ ಅವಳ ಬೆರಳುಗಳನ್ನು ನೋಡಿದರು. ಅವರ ಮುಖದಲ್ಲಿ ಏನೋ ಆಸೆ ಮೂಡಿತು. "ನೀನು ಸಾಕಿದ ಪಾರಿವಾಳ ಏನಾದರೂ ಮಾಂಜಾಕ್ಕೆ ಸಿಕ್ಕಿ ಸತ್ತಿತ್ತಾ? ಹೇಳು, ಅಳಬೇಡ."

"ಇಲ್ಲ ಮಿಸ್. ನಮ್ಮನೇಲಿ ಪಾರಿವಾಳಾನೇ ಇರ್ಲಿಲ್ಲ."

"ಮತ್ಯಾಕೆ?"

ಮೇದಿನಿ ಯೋಚಿಸಿದಳು. ಎಷ್ಟು ತಡಕಾಡಿದರೂ ದೊಡ್ಡ ಕಾರಣ ಯಾವುದೂ ಸಿಗಲಿಲ್ಲ.

"ಅದು ಅಲ್ಲಿ ನೇತಾಡ್ತಿದ್ರೆ ನಂಗೆ ಸುಮ್ನಿರೋಕೆ ಆಗಲ್ಲ ಮಿಸ್."

ಹೇಳಿದ ಮೇಲೆ ಆ ಮಾತು ಅವಳಿಗೇ ಹೊಸದಾಗಿ ಕೇಳಿಸಿತು. ಹೌದಲ್ಲ, ಅಷ್ಟೇ ತಾನೆ!

ಅತ್ತ ಅನಿರುದ್ಧನ ಕೆಟ್ಟ ಎ.ಸಿ.ಗೆ ಜೋರು ಚಪ್ಪಾಳೆ ಬಿತ್ತು. ವಡೋದರಾ ಅವನದೇ. ಮೇದಿನಿ ಒಮ್ಮೆ ಸ್ಟೇಜಿನ ಕಡೆ ತಿರುಗಿ ನೋಡಿದಳು. ಆಸೆ ಅಷ್ಟು ಸುಲಭವಾಗಿ ಬಿಟ್ಟುಹೋಗುತ್ತದೆಯೇ?

ಗಾಳಿ ಬೀಸಿತು. ಮೇಲಿನ ಕೊಂಬೆಯಲ್ಲಿ ಇನ್ನೊಂದು ಎಳೆ ಅಲುಗಾಡಿತು.

"ಮಿಸ್, ಸ್ವಲ್ಪ ಹಿಂದೆ ಸರೀರಿ. ಮೈಮೇಲೆ ಬಿದ್ರೆ ಕುಯ್ಯತ್ತೆ" ಎಂದು ಅವಳು ಬಿದಿರು ಎತ್ತಿದಳು.

ಮಿಸ್ ಹಿಂದೆ ಸರಿದರು. ಆದರೆ ಸ್ಟೇಜಿನ ಕಡೆ ಹೋಗಲಿಲ್ಲ. ಬಿದಿರು ವಾಲಿದಾಗ ಅದರ ಬುಡ ಹಿಡಿದುಕೊಂಡರು.

ಇಂಟರ್‌ವಲ್ ಬೆಲ್ ಹೊಡೆದಾಗ ಮೇದಿನಿ ಕ್ಲಾಸಿನ ಕಿಟಕಿಯಿಂದ ನೋಡಿದಳು. ಗಿಳಿಗಳು ಕಿರುಚಾಡುತ್ತಾ ಬಂದು ಹುಣಸೆಮರವೆಲ್ಲ ತಮ್ಮದೇ ಎಂಬಂತೆ ಕೂತವು. ಅವಕ್ಕೆ ಏನೂ ಗೊತ್ತಿರಲಿಲ್ಲ. ಗೊತ್ತಾಗಲಿ ಎಂದು ಮೇದಿನಿಗೂ ಅನ್ನಿಸಲಿಲ್ಲ.