ಕುರ್ಚಿ ಹೊತ್ತ ಕುಣಿಗಲ್ಲಿನವನು

"ಮಿಸ್, ಇದಕ್ಕೆ ಕಲರ್ ಯಾವಾಗ ಬರುತ್ತೆ?"

ಹಿಂದಿನ ಬೆಂಚಿನಿಂದ ಮುತ್ತುರಾಜ್ ಕೇಳಿದ. ಇಡೀ ಆರನೇ ಕ್ಲಾಸು ಗೊಳ್ಳೆಂದು ನಕ್ಕಿತು. ಯಶಸ್ವಿನಿಯ ಕಿವಿ ಬಿಸಿಯಾಯಿತು. ಎಲ್ಲರೂ ನಗಲಿ ಅಂತಲೇ ಅವಳು ಈ ಸಿನಿಮಾ ತಂದಿದ್ದಳು. ಇವರೋ, ಸಿನಿಮಾ ಒಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ನಗುತ್ತಿದ್ದರು.

ಗುಬ್ಬಿಯ ಆ ಸ್ಕೂಲಿನಲ್ಲಿ ಶನಿವಾರದ ಕೊನೆಯ ಪೀರಿಯಡ್ಡು ಸಿನಿಮಾಕ್ಕೆ ಮೀಸಲು. ವಾರಕ್ಕೊಬ್ಬರು ತಮಗಿಷ್ಟವಾದದ್ದನ್ನು ತರಬೇಕು. ಬಾಯಿಗೆ ಬೀಗ ಹಾಕಿಕೊಂಡಂತೆ ಕೂರುವ ಯಶಸ್ವಿನಿ ತನ್ನ ಸರದಿಗಾಗಿ ಎಷ್ಟೋ ವಾರ ಕಾದಿದ್ದಳು.

ಗೋಡೆಯ ಮೇಲೆ ಕಪ್ಪು ಬಿಳುಪಿನ ಚಿತ್ರ ಓಡುತ್ತಿತ್ತು. ಒಬ್ಬ ಸಣಕಲ ಮನುಷ್ಯ ತಲೆಯ ಮೇಲೆ ಒಂದು ಕುರ್ಚಿ ಹೊತ್ತು ಪಕ್ಕದೂರಿನ ಮದುವೆಗೆ ಹೊರಟಿದ್ದಾನೆ. ಮದುವೆಮನೆಯಲ್ಲಿ ಒಂದು ಕುರ್ಚಿ ಕಡಿಮೆ ಇದೆ, ಅದಕ್ಕೆ. ಬೆವರು ಒರೆಸಿಕೊಳ್ಳೋಣ ಅಂತ ಕುರ್ಚಿ ಕೆಳಗಿಟ್ಟರೆ ಸಾಕು, ಯಾರಾದರೂ ಬಂದು ಕೂತುಬಿಡುತ್ತಾರೆ. ಮೊದಲು ಒಬ್ಬ ಪೊಲೀಸಿನವನು, ಆಮೇಲೆ ಬ್ರೆಡ್ ಮಾರುವ ಹೆಂಗಸು, ಆಮೇಲೆ ಒಂದು ಮೇಕೆ. ಏಳಿ ಅನ್ನಲು ಅವನಿಗೆ ಬಾಯಿ ಬರುವುದಿಲ್ಲ. ಟೋಪಿ ತೆಗೆದು ಪಕ್ಕದಲ್ಲಿ ನಿಂತು ಕಾಯುತ್ತಾನೆ.

"ಅವ್ನು ಯಾಕೆ ಸುಮ್ನೆ ನಿಂತವ್ನೆ?" ಒಬ್ಬಳು ಆಕಳಿಸಿದಳು.

"ಫ್ರೆಂಚಲ್ಲಿ ಏನೋ ಗೊಣಗ್ತಾನೆ. ನಮಗೇನ್ ಅರ್ಥ ಆಗುತ್ತೆ?" ಅಂದ ಮುತ್ತುರಾಜ್.

ಸ್ವಲ್ಪ ತಡೀರಿ, ಈಗ ಮೇಕೆ ಏನು ಮಾಡುತ್ತೆ ನೋಡಿ, ಅನ್ನುವ ಮಾತು ಯಶಸ್ವಿನಿಯ ನಾಲಿಗೆ ತುದಿಗೆ ಬಂತು. ಅಲ್ಲೇ ಉಳಿಯಿತು.

ಗಲಾಟೆ ಜಾಸ್ತಿಯಾದಾಗ ಪ್ರಮೀಳಾ ಮಿಸ್ ಸಿನಿಮಾ ಅರ್ಧಕ್ಕೇ ನಿಲ್ಲಿಸಿದರು. "ಬೇಜಾರಾಗ್ಬೇಡ ಪುಟ್ಟಾ. ಮುಂದಿನ ವಾರ ಬೇರೆಯವರು ಏನಾದ್ರೂ ತರ್ಲಿ." ಯಶಸ್ವಿನಿ ತಲೆಯಾಡಿಸಿ ಪೆನ್‌ಡ್ರೈವ್ ಕಿತ್ತುಕೊಂಡಳು. ಅವಳಿಗೆ ಅಳು ಬರುವಷ್ಟು ಬೇಜಾರಾಗಿತ್ತು.

ಮನೆಯಲ್ಲಿ ಅಜ್ಜಿ ರಂಗಲಕ್ಷ್ಮಮ್ಮ ಟೀವಿ ಎದುರಿನ ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಯುತ್ತಿದ್ದಳು. ಮಂಡಿನೋವಿನಿಂದ ನೆಲದ ಮೇಲೆ ಕೂರಲಾಗದ ಅವಳಿಗೆ ಆ ಕುರ್ಚಿಯೇ ಸಿಂಹಾಸನ.

ಆ ಸಿನಿಮಾದ ಮೊದಲ ಅಭಿಮಾನಿಯೂ ಅವಳೇ. ತುಮಕೂರಿನಲ್ಲಿ ಕೆಲಸದಲ್ಲಿರುವ ತಿಮ್ಮೇಶ್ ಚಿಕ್ಕಪ್ಪನಿಗೆ ಯಾರೂ ನೋಡದ ಹಳೇ ಸಿನಿಮಾಗಳ ಹುಚ್ಚು. "ಇದನ್ನ ಆ ದೇಶದವ್ರೇ ಮರ್ತವ್ರೆ" ಅನ್ನುತ್ತ ಅವನು ಪೆನ್‌ಡ್ರೈವ್ ಕೊಟ್ಟು ಹೋಗಿದ್ದ. ಅಜ್ಜಿಗೆ ಫ್ರೆಂಚೂ ಗೊತ್ತಿಲ್ಲ, ಕೆಳಗೆ ಬರುವ ಇಂಗ್ಲಿಷೂ ಗೊತ್ತಿಲ್ಲ. ಆದರೆ ಕುರ್ಚಿಯವನು ಮೊದಲ ಸಲ ತಲೆ ಕೆರೆದುಕೊಂಡು "ಓ ಲಾ ಲಾ" ಅಂದಾಗಲೇ ಅವಳ ಕಿವಿ ನೆಟ್ಟಗಾಗಿತ್ತು.

"ಇವ್ನು ನಮ್ಮ ಕುಣಿಗಲ್ ಕಡೆಯವ್ನೇ ಕಣೇ. ಮಾತ್‌ಮಾತಿಗೂ ಲಾ ಅಂತವ್ನೆ!"

ಅಜ್ಜಿಯ ತವರು ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗ. ಅಲ್ಲಿ ಬಾರ್ಲಾ, ಹೋಗ್ಲಾ ಅನ್ನದೆ ಯಾರಿಗೂ ಮಾತೇ ಮುಗಿಯುವುದಿಲ್ಲ. ಅಂದಿನಿಂದ ಕುರ್ಚಿಯವನು ಅವಳಿಗೆ ತವರಿನ ನೆಂಟ.

"ನಕ್ರೇನೇ ಎಲ್ಲಾರೂ?" ಅಜ್ಜಿ ಆಸೆಯಿಂದ ಕೇಳಿದಳು.

"ಹ್ಞೂ, ನಕ್ರು," ಅಂದಳು ಯಶಸ್ವಿನಿ. ಅದು ಸುಳ್ಳಲ್ಲ. ನಿಜವೂ ಅಲ್ಲ.

ಭಾನುವಾರ ಬೆಳಿಗ್ಗೆ ಗೇಟಿನ ಹತ್ತಿರ ಸೈಕಲ್ ಬೆಲ್ಲು ಕೇಳಿಸಿತು. ನೋಡಿದರೆ ಮುತ್ತುರಾಜ್.

"ಈ ಕಡೆ ಬಂದಿದ್ದೆ," ಅಂದ. ಸ್ವಲ್ಪ ಹೊತ್ತು ಪೆಡಲ್ಲು ತಿರುಗಿಸಿದ. ಆಮೇಲೆ ಮೆಲ್ಲಗೆ, "ಆ ಕುರ್ಚಿ ಮದ್ವೆಗೆ ಹೋಯ್ತಾ?"

"ಹೇಳಲ್ಲ. ಬಂದು ನೋಡು."

ಯಶಸ್ವಿನಿಗೆ ಒಳಗೊಳಗೇ ಖುಷಿ. ಅವಸರದಲ್ಲಿ ಪೆನ್‌ಡ್ರೈವ್ ತಂದು ಟೀವಿಗೆ ಸಿಕ್ಕಿಸಿ ನೆಲದ ಮೇಲೆ ಕೂತಳು. ಮಂಚದ ತುಂಬ ಒಗೆದ ಬಟ್ಟೆ ಇತ್ತು. ಮುತ್ತುರಾಜ್ ಖಾಲಿ ಕಂಡ ಕೆಂಪು ಕುರ್ಚಿಯಲ್ಲಿ ಕೂತ. ಅಡುಗೆಮನೆಯಿಂದ ನಿಧಾನಕ್ಕೆ ಬಂದ ಅಜ್ಜಿಯನ್ನು ಇಬ್ಬರೂ ನೋಡಲಿಲ್ಲ.

"ನಿನ್ನೆ ಮಿಸ್ ಅರ್ಧಕ್ಕೇ ಆಫ್ ಮಾಡಿದ್ರಲ್ಲ, ಅಲ್ಲಿಂದ ಹಾಕು," ಅಂದ ಮುತ್ತುರಾಜ್. "ಎಲ್ರೂ ಬೋರು ಬೋರು ಅಂತಿದ್ರು."

"ಮೊದ್ಲಿಂದ ನೋಡಿದ್ರೇನೇ ಚೆಂದ," ಅಂದಳು ಯಶಸ್ವಿನಿ.

ಸಿನಿಮಾ ಶುರುವಾಯಿತು. ಪೊಲೀಸಿನವನು ಬಂದ, ಕುರ್ಚಿ ನೋಡಿದ, ಕೂತ, ಕಾಲ ಮೇಲೆ ಕಾಲು ಹಾಕಿದ. ಆಗ ಹಿಂದಿನಿಂದ ಗಟ್ಟಿ ದನಿ ಬಂತು.

"ಎದ್ದೇಳ್ಲಾ! ಅವ್ನ ಕುರ್ಚಿ ಅದು."

ಮುತ್ತುರಾಜ್ ಚಂಗನೆ ಎದ್ದು ನಿಂತ. "ಸಾರಿ ಅಜ್ಜಿ."

"ಅಯ್ಯೋ, ನಿಂಗಲ್ಲ ಕಣ್ಲಾ, ಆ ಪೊಲೀಸ್ನೋನಿಗೆ!"

ಯಶಸ್ವಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮುತ್ತುರಾಜನೂ ನಕ್ಕ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಆಮೇಲೆಯೇ ಅವನಿಗೆ ಕಂಡಿದ್ದು, ಅಜ್ಜಿ ಒಂದು ಕೈ ಮಂಡಿಯ ಮೇಲಿಟ್ಟು ಗೋಡೆಗೆ ಒರಗಿ ನಿಂತಿದ್ದಳು.

"ಇದು ನಿಮ್ ಕುರ್ಚಿನಾ? ಹೇಳ್ಬಾರ್ದಾಗಿತ್ತಾ ಅಜ್ಜಿ?"

"ಮನೆಗ್ ಬಂದೋರ್ನ ಏಳು ಅನ್ನಕ್ಕಾಯ್ತದೇನ್ಲಾ?"

ಟೀವಿಯಲ್ಲಿ ಆ ಸಣಕಲ ಮನುಷ್ಯ ಟೋಪಿ ತೆಗೆದು, ಕುರ್ಚಿಯ ಪಕ್ಕದಲ್ಲಿ ನಿಂತು ಕಾಯುತ್ತಿದ್ದ. ಯಶಸ್ವಿನಿ ಅವನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಅಜ್ಜಿ ಇಷ್ಟು ದಿನ ಯಾರನ್ನು ನೋಡಿ ನಗುತ್ತಿದ್ದಳು ಅಂತ ಅವಳಿಗೆ ಈಗ ಗೊತ್ತಾಯಿತು. ಅವಳ ನಗು ಮೆಲ್ಲಗೆ ನಿಂತಿತು. ಎದ್ದು ಅಜ್ಜಿಯ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು.

ನಿನ್ನೆ ಸಿನಿಮಾ ನೋಡಿ ಯಾರೂ ನಗಲಿಲ್ಲ ಅನ್ನುವುದು ಮುತ್ತುರಾಜನ ಮಾತಿನಿಂದ ಅಜ್ಜಿಗೂ ತಿಳಿದಿತ್ತು. ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟುಕೊಂಡೇ ಸಿನಿಮಾ ನೋಡಿದಳು.

ಕೊನೆಗೆ ಕುರ್ಚಿಯವನು ಮದುವೆಮನೆ ಸೇರಿದಾಗ ಊಟ ಮುಗಿದು ಜನವೆಲ್ಲ ಹೋಗಿಯಾಗಿತ್ತು. ಅವನು ಖಾಲಿ ಅಂಗಳದಲ್ಲಿ ಕುರ್ಚಿ ಇಳಿಸಿದ. ಆ ಕಡೆ ನೋಡಿದ, ಈ ಕಡೆ ನೋಡಿದ. ಯಾರೂ ಬರಲಿಲ್ಲ. ಆಗ ತಾನೇ ಕೂತ.

"ಅಬ್ಬ, ಕೂತ್ಕಂಡನಪ್ಪ," ಅಂತ ಅಜ್ಜಿ ಉಸಿರುಬಿಟ್ಟಳು.

ಸೈಕಲ್ ಹತ್ತುವಾಗ ಮುತ್ತುರಾಜ್, "ಮೇಕೆದು ಸೂಪರ್ ಕಣೇ," ಅಂದ.

ಸೋಮವಾರ ಯಶಸ್ವಿನಿ ಸ್ಟಾಫ್ ರೂಮಿನ ಬಾಗಿಲಿಗೆ ಹೋದಳು. ಪ್ರಮೀಳಾ ಮಿಸ್ ತಲೆ ಬಗ್ಗಿಸಿ ಏನೋ ಬರೆಯುತ್ತಿದ್ದರು. ಅವಳು ಎರಡೂ ಕೈ ಮುಂದೆ ಜೋಡಿಸಿ, ಸುಮ್ಮನೆ ನಿಂತು ಕಾದಳು. ಮಿಸ್ ತಲೆಯೆತ್ತಲಿಲ್ಲ. ಕೈಯಲ್ಲಿ ಒಂದು ಟೋಪಿ ಇದ್ದಿದ್ದರೆ ತಾನೂ ಥೇಟ್ ಕುಣಿಗಲ್ ಕಡೆಯವನೇ ಅನ್ನಿಸಿ ಅವಳಿಗೆ ನಗು ಬಂತು.

"ಮಿಸ್," ಅಂದಳು ಯಶಸ್ವಿನಿ. "ನನ್ ಸಿನಿಮಾ ಇನ್ನೂ ಅರ್ಧ ಇದೆ."